ಟಿ.ಸಿ. ಎಷ್ಟಿವೆ ಎಣಿಸಿ ಬರೆಯಿರಿ

ಮಾಂಟೆವಿಡಿಯೋ, ಉರುಗ್ವೆ
ಆಗಸ್ಟ್ 29

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಬೇಡುವ ಆಶೀರ್ವಾದಗಳು. ಇತ್ತ ಎಲ್ಲ ಕ್ಷೇಮ. ಅತ್ತಲಿನ ಕ್ಷೇಮಕ್ಕೆ ಕಾಗದ ಬರೆಯುವುದು.

ಒಕ್ಕಣೆ ಸರಿಯಾಗಿದೆಯಾ? ಐದನೇ ಕ್ಲಾಸಿನಲ್ಲಿ ನೀವೇ ಬಾಯಿಪಾಠ ಮಾಡಿಸಿದ್ದು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಮಧ್ಯೆ ಬಂದು ಊಟಕ್ಕೇನು ಮಾಡಿದೆ ಅಂತ ಕೇಳುತ್ತಾಳೆ, ಮಾತು ಸಾರು ಪಲ್ಯದ ಕಡೆ ಹೊರಟುಬಿಡುತ್ತದೆ. ಜೊತೆಗೆ ಹೋದ ಭಾನುವಾರದ್ದೊಂದು ಬಾಕಿ ಇದೆ. "ಎಲ್ಲಾದ್ರೂ ಒಂದ್ ಕಡೆ ನೆಲೆ ನಿಲ್ಲಮ್ಮ, ಮೂವತ್ತೊಂದಾಯ್ತು" ಅಂತ ನೀವು ಅಂದಾಗ ನೆಟ್‌ವರ್ಕ್ ಸರಿಯಿಲ್ಲ ಅಂತ ಇಟ್ಟೆನಲ್ಲ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಇಲ್ಲಿ ಈಗ ಚಳಿಗಾಲ ಮುಗಿಯುತ್ತಾ ಬಂದಿದೆ, ಆದರೆ ನದಿ ಕಡೆಯ ಗಾಳಿ ಇನ್ನೂ ಕಿವಿ ಕೊಯ್ಯುತ್ತದೆ. ನದಿ ಅಂದೆ, ನೋಡಿದರೆ ಸಮುದ್ರವೇ, ಆಚೆ ದಡ ಕಾಣುವುದಿಲ್ಲ. ಆ ಗಾಳಿಯಲ್ಲೂ ಜನ ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡು ಒಂದು ಸೋರೆ ಬುರುಡೆಯಿಂದ ಕಹಿ ಕಷಾಯ ಹೀರುತ್ತಾ ಓಡಾಡುತ್ತಾರೆ. ಅದರ ಹೆಸರು ಮಾತೆ. ಅಮ್ಮನಿಗೆ ಹೇಳಬೇಡಿ, ನಗುತ್ತಾಳೆ. ಪ್ರತಿ ತಿಂಗಳು 29ನೇ ತಾರೀಖು ಇಲ್ಲಿ ನ್ಯೋಕಿ ತಿನ್ನುವ ಪದ್ಧತಿ. ಆಲೂಗಡ್ಡೆ, ಮೈದಾ ಕಲಸಿ ಮಾಡಿದ ಪುಟ್ಟ ಉಂಡೆಗಳು. ತಟ್ಟೆಯ ಕೆಳಗೆ ಒಂದು ನೋಟು ಇಟ್ಟು ತಿಂದರೆ ಮುಂದಿನ ತಿಂಗಳು ಕೈಯಲ್ಲಿ ಕಾಸು ಆಡುತ್ತದಂತೆ. ಮನೆ ಓನರ್ ಅಜ್ಜಿ ಮಧ್ಯಾಹ್ನ ಕರೆದು ಬಡಿಸಿದಳು. ನೋಟು ಇಟ್ಟೆ. ಉಪ್ಪು ಕಡಿಮೆ ಇತ್ತು.

ಅಪ್ಪ, ಹೋದ ಶನಿವಾರ ಬಸ್ಸು ಹತ್ತಿ ಮಿನಾಸ್ ಎಂಬ ಊರಿಗೆ ಹೋಗಿದ್ದೆ. ಇಲ್ಲಿಂದ ಸುಮಾರು ಎರಡು ತಾಸು. ಸುತ್ತ ಗುಡ್ಡ, ಒಂದು ಗುಡ್ಡದ ನೆತ್ತಿಯಲ್ಲಿ ಕುದುರೆ ಏರಿದ, ಇಲ್ಲಿನವರ ರಾಷ್ಟ್ರವೀರ ಆರ್ತಿಗಾಸ್‌ನ ದೊಡ್ಡ ಪ್ರತಿಮೆ, ನಡುವೆ ಚೌಕ, ಚರ್ಚು, ಮಿಠಾಯಿ ಅಂಗಡಿ. ನಮ್ಮ ಸಕಲೇಶಪುರದಲ್ಲಿ ಮಳೆ ನಿಂತ ದಿನ ಇರುತ್ತದಲ್ಲ, ಹಾಗೆ. ಯಾಕೆ ಹೋಗಿದ್ದೆ ಗೊತ್ತಾ? 2010ರಲ್ಲಿ ಹಾವೇರಿ ಮನೆಯಲ್ಲಿ ನಡುರಾತ್ರಿ ನೀವು "ಇವನಿಗೇನು ತಲೆ ಕೆಟ್ಟಿದೆಯಾ?" ಅಂದಿರಲ್ಲ, ಆ ಫುಟ್‌ಬಾಲ್ ಆಟಗಾರ ಹುಟ್ಟಿದ ಊರು ಅದು.

ನೆನಪಾಯಿತಾ? ಜುಲೈ 2, ಶುಕ್ರವಾರ. ನೀವು ಸಿಂಧನೂರಿನಿಂದ ಬಸ್ಸಿನಲ್ಲಿ ಬಂದು ಊಟ ಮುಗಿಸುವಾಗ ಹನ್ನೊಂದು ಆಗಿತ್ತು. ಜೋಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫುಟ್‌ಬಾಲಿನ ಉರುಗ್ವೆ, ಘಾನಾ ಕ್ವಾರ್ಟರ್ ಫೈನಲ್, ನಮ್ಮ ಗಡಿಯಾರದಲ್ಲಿ ಸರಿಯಾಗಿ ಹನ್ನೆರಡಕ್ಕೆ ಶುರು. ಟಿವಿ ಆರಿಸಲು ಎದ್ದು ಬಂದ ನೀವು ಆಟ ಮುಗಿಯುವ ತನಕ ಏಳಲಿಲ್ಲ. 1-1 ಆಗಿ, ಹೆಚ್ಚುವರಿ ಆಟದ ಕೊನೇ ಗಳಿಗೆಯಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಜ್ ಕೈಯಲ್ಲಿ ತಡೆದ, ಕೆಂಪು ಕಾರ್ಡು. ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿ ಮೇಲಿನ ಕಂಬಕ್ಕೆ ಬಡಿದು ಹಾರಿತು. ನೀವು ಘಾನಾ ಕಡೆ. "ಮೋಸ ಮಾಡಿ ಗೆಲ್ತಾರೆ" ಅಂತ ಆಮೇಲೂ ಎಷ್ಟೋ ದಿನ ಹೇಳುತ್ತಿದ್ದಿರಿ. (ಇಲ್ಲಿ ಆ ಮಾತು ಬಾಯಿ ಬಿಡುವಂತಿಲ್ಲ. ಅಜ್ಜಿಗೆ ಸುವಾರೆಜ್ ಅಂದರೆ ಮನೆ ಮಗ.) ಪೆನಾಲ್ಟಿ ಸರದಿಯಲ್ಲಿ ಉರುಗ್ವೆಯ ಕೊನೇ ಒದೆತಕ್ಕೆ ಬಂದವನು ಆರಡಿ ನಾಲ್ಕಂಗುಲದ, ಉದ್ದ ಕೂದಲಿನ 13ನೇ ನಂಬರಿನವನು. ಗೋಲಾದರೆ ಸೆಮಿಫೈನಲ್. ಅವನು ಓಡಿ ಬಂದು, ಹೊಡೆಯಲಿಲ್ಲ. ಚೆಂಡಿನ ಅಡಿಗೆ ಕಾಲ ತುದಿ ಕೊಟ್ಟು ಮೆಲ್ಲಗೆ ಎತ್ತಿಬಿಟ್ಟ. ಗೋಲು ಕಾಯುವ ಗೋಲಿ ಆಗಲೇ ಪಕ್ಕಕ್ಕೆ ಬಿದ್ದಿದ್ದ. ಮಗುವಿಗೆ ಚೆಂಡು ಎಸೆದಂತೆ ಅದು ನಡುವಿನಿಂದ ಒಳಗೆ ಹೋಯಿತು.

ಅವನ ಹೆಸರು ಸೆಬಾಸ್ಟಿಯನ್ ಅಬ್ರೆಯು. ನೀವೊಬ್ಬರೇ ಹಾಗೆ ಅಂದದ್ದಲ್ಲ, ಊರಿಗೆ ಊರೇ ಅವನನ್ನು ಕರೆಯುವುದು "ಎಲ್ ಲೊಕೊ" ಅಂತ, ಹುಚ್ಚ. ಆ ಒದೆತಕ್ಕೆ ಪನೆಂಕಾ ಎಂದು ಹೆಸರು. 1976ರ ಜೂನಿನಲ್ಲಿ ಬೆಲ್‌ಗ್ರೇಡಿನ ಯೂರೋಪಿಯನ್ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯದ ಅಂಟೊನಿನ್ ಪನೆಂಕಾ ಪಶ್ಚಿಮ ಜರ್ಮನಿಯ ಮೇಲೆ ಹೀಗೇ ಗೆದ್ದುಕೊಟ್ಟ. ಅಬ್ರೆಯು ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ. ಜೋಹಾನ್ಸ್‌ಬರ್ಗ್‌ನಲ್ಲಿ ಅವನಿಗೆ ಥಟ್ಟನೆ ಹೊಳೆದದ್ದೂ ಅಲ್ಲ. ಎರಡೂವರೆ ತಿಂಗಳ ಹಿಂದೆ ಬ್ರೆಜಿಲಿನ ರಿಯೋದಲ್ಲಿ ಬೊಟಫೊಗೊ ಕ್ಲಬ್ ಪರವಾಗಿ ಫ್ಲಮೆಂಗೊ ಮೇಲೆ ಹೀಗೇ ಹೊಡೆದಿದ್ದ, ಆ ವರ್ಷದ ರಿಯೋ ರಾಜ್ಯದ ಚಾಂಪಿಯನ್ ಪಟ್ಟ ಬೊಟಫೊಗೊಗೆ ಸಿಕ್ಕಿತು.

ಆ ರಾತ್ರಿ ನಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ, ಅದನ್ನು ಹೇಳಲೆಂದೇ ಇಷ್ಟು ಬರೆದೆ. ಅಲ್ಲಿಗೆ ಬರುವ ಮುಂಚಿನ ಒಂದೂವರೆ ವರ್ಷದಲ್ಲಿ ಆ ಮನುಷ್ಯ ನಾಲ್ಕು ದೇಶ ಬದಲಿಸಿದ್ದ. 2008ರ ಕೊನೆಗೆ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್, 2009ರ ಮೊದಲರ್ಧ ಸ್ಪೇನಿನ ಎರಡನೇ ದರ್ಜೆಯಲ್ಲಿದ್ದ ರಿಯಲ್ ಸೊಸಿಯೆದಾದ್, ಆಮೇಲೆ ಗ್ರೀಸಿನ ಅರಿಸ್, 2010ರ ಜನವರಿಗೆ ರಿಯೋ. ಗ್ರೀಸಿನಲ್ಲಿದ್ದಾಗಲೇ ನವೆಂಬರಿನಲ್ಲಿ ಇಲ್ಲಿಗೆ ಬಂದು ಕೋಸ್ಟರಿಕ ಮೇಲೆ ಗೋಲು ಹೊಡೆದ. ಕೋಸ್ಟರಿಕದಲ್ಲಿ ಮೊದಲೇ ಗೆದ್ದಿದ್ದರಿಂದ ಆ 1-1 ಸಾಕಾಗಿ ಉರುಗ್ವೆ ವಿಶ್ವಕಪ್ಪಿಗೆ ಹೋಯಿತು. ಆ ಆಟ ನಡೆದ ಸೆಂತೆನಾರಿಯೊ ಕ್ರೀಡಾಂಗಣ ನನ್ನ ಮನೆಯಿಂದ ಒಂದೇ ಬಸ್ಸು. 1930ರ ಮೊದಲ ವಿಶ್ವಕಪ್ ಫೈನಲ್ ನಡೆದದ್ದೂ ಅಲ್ಲೇ.

ಅಜ್ಜಿ ಅಡುಗೆಮನೆಯಲ್ಲಿ ಕೂತು ಅವನು ಆಡಿದ ಊರುಗಳನ್ನು ಬೆರಳು ಮಡಿಸುತ್ತಾ ಹೇಳುತ್ತಿದ್ದರೆ ನನಗೆ ನಿಮ್ಮ ಸರ್ವಿಸ್ ರಿಜಿಸ್ಟರ್ ಓದಿದಂತಾಯಿತು. ಹೊಸದುರ್ಗ, ಸಕಲೇಶಪುರ, ಕೊಳ್ಳೇಗಾಲ, ಹಾವೇರಿ, ಸಿಂಧನೂರು. ಅವನದು ಇಲ್ಲಿನ ಡಿಫೆನ್ಸರ್ ಕ್ಲಬ್, ಅರ್ಜೆಂಟೀನದ ಸಾನ್ ಲೊರೆಂಜೊ, ಸ್ಪೇನಿನ ದೆಪೊರ್ತಿವೊ. ಈ ದೆಪೊರ್ತಿವೊ ಕಥೆ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. 1998ರಲ್ಲಿ ಅವನನ್ನು ಕೊಂಡುಕೊಂಡರು, ಅಲ್ಲಿ ಆಡಿದ್ದು ಕೆಲವೇ ಪಂದ್ಯ. ಆಮೇಲೆ ವರ್ಷಗಟ್ಟಲೆ ಹೆಸರು ಅವರ ಪಟ್ಟಿಯಲ್ಲಿ, ಆಟ ಇನ್ನೊಬ್ಬರ ಮೈದಾನದಲ್ಲಿ. ಬ್ರೆಜಿಲ್, ಮೆಕ್ಸಿಕೊ, ಮತ್ತೆ ಅರ್ಜೆಂಟೀನ, ಮತ್ತೆ ಇಲ್ಲಿ. ಫುಟ್‌ಬಾಲಿನವರು ಲೋನ್ ಅನ್ನುತ್ತಾರೆ. ನಿಮ್ಮ ಇಲಾಖೆಯಲ್ಲಿ ನಿಯೋಜನೆ. ಮಾತೃ ಇಲಾಖೆ ಒಂದು, ಕುರ್ಚಿ ಇನ್ನೊಂದು ಕಡೆ, ಎರಡೂ ಕಡೆ ನಮ್ಮವನು ಅನ್ನುವವರಿಲ್ಲ.

ಚೆನ್ನಾಗಿ ಆಡದೆ ಹೊರಗೆ ಹಾಕಿಸಿಕೊಂಡ ಅಂದುಕೊಳ್ಳಬೇಡಿ. 2002ರಲ್ಲಿ ಮೆಕ್ಸಿಕೊದ ಕ್ರೂಸ್ ಅಜುಲ್‌ಗೆ ಒಂದೇ ಟೂರ್ನಿಯಲ್ಲಿ 19 ಗೋಲು ಹೊಡೆದು ಅಲ್ಲಿನ ಲೀಗಿಗೇ ಮೊದಲಿಗನಾದ. ಆಮೇಲೂ ಹೊರಟ. ಡೊರಾಡೋಸ್ ಅನ್ನುವ ಚಿಕ್ಕ ತಂಡದಲ್ಲಿ 2006ರಲ್ಲಿ ಅವನ ಜೊತೆಗಾರ ಯಾರು ಗೊತ್ತೇ? ಪೆಪ್ ಗ್ವಾರ್ಡಿಯೋಲ, ಆಟಗಾರನಾಗಿ ಕೊನೇ ದಿನಗಳಲ್ಲಿ. ಆ ವರ್ಷ ತಂಡ ಕೆಳದರ್ಜೆಗೆ ಜಾರಿತು. ಗ್ವಾರ್ಡಿಯೋಲ ಬಾರ್ಸಿಲೋನಾಗೆ ಹೋಗಿ ಪ್ರಪಂಚಕ್ಕೇ ಗುರುವಾದ, ನಮ್ಮವನು ಇನ್ನೊಂದು ಸೂಟ್‌ಕೇಸು ಕಟ್ಟಿದ.

ಫುಟ್‌ಬಾಲಿನಲ್ಲೂ ಟಿ.ಸಿ. ಇದೆ ಅಪ್ಪ! ನನಗೆ ಓದಿ ನಗು ತಡೆಯಲಾಗಲಿಲ್ಲ. ಒಂದು ದೇಶದಲ್ಲಿ ನೋಂದಣಿಯಾದ ಆಟಗಾರ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಬೇಕಾದರೆ ಹಳೆಯ ದೇಶದ ಫುಟ್‌ಬಾಲ್ ಸಂಸ್ಥೆ ಹೊಸ ದೇಶದ ಸಂಸ್ಥೆಗೆ ಅಂತಾರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೊಡಬೇಕು, ಐ.ಟಿ.ಸಿ. ಸಾಮಾನ್ಯವಾಗಿ ಅದು ಕೈಸೇರದೆ ಪಂದ್ಯಕ್ಕೆ ಇಳಿಯುವಂತಿಲ್ಲ. ಈಗ ಎಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ. ವರ್ಷಕ್ಕೆ ಎರಡು ಸಲ ಮಾತ್ರ ಕಿಟಕಿ ತೆರೆಯುತ್ತಾರೆ, ನಿಮ್ಮ ಮೇ-ಜೂನ್ ಸಾರ್ವತ್ರಿಕ ವರ್ಗಾವಣೆ ಹಾಗೆ. ಒಂದೇ ಸೀಸನ್ನಿನಲ್ಲಿ ಮೂರು ಕ್ಲಬ್ಬಿಗಿಂತ ಹೆಚ್ಚು ಕಡೆ ನೋಂದಣಿ ಸಿಗುವುದಿಲ್ಲ. ಇನ್ನೊಂದು ನಿಯಮ ನಿಮಗೆ ಇಷ್ಟವಾಗಬಹುದು. ಆಟಗಾರನೊಬ್ಬ ದೇಶ ದಾಟಿ ಮಾರಾಟವಾದಾಗ ಆ ಹಣದಲ್ಲಿ 5% ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿ ಕಲಿತ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ನನಗೆ ಮಗ್ಗಿ ಹೊಡೆಸಿದ ಹೊಸದುರ್ಗದ ಮೇಷ್ಟ್ರು ಪಾಲು ಕೇಳಲು ಬಂದರೆ ಎಷ್ಟು ಕೊಡಬೇಕೋ ಅಂತ ಲೆಕ್ಕ ಹಾಕಿದೆ.

ಯಾಕೆ ಇಷ್ಟೊಂದು ಜನ ಹೊರಗೆ ಹೋಗುತ್ತಾರೆ ಅಂತ ಅಜ್ಜಿಯನ್ನು ಕೇಳಿದೆ. ಅವಳು ಮೂರು ಬೆರಳು ಎತ್ತಿ, ನಾಲ್ಕನೆಯದನ್ನು ಅರ್ಧ ಮಡಿಸಿ ತೋರಿಸಿದಳು, ಇಡೀ ದೇಶದಲ್ಲಿ ಜನ ಇಷ್ಟೇ ಅಂತ, ಬೆರಳಿಗೆ ಹತ್ತು ಲಕ್ಷದಂತೆ ಸುಮಾರು ಮೂವತ್ತೈದು ಲಕ್ಷ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ, ಜನ ಮಾತ್ರ ಬೆಂಗಳೂರಿನ ಅರ್ಧವೂ ಇಲ್ಲ. ಬೀದಿಗೊಂದು ಮಕ್ಕಳ ತಂಡ, ಆದರೆ ದೊಡ್ಡವರಿಗೆ ಸಂಬಳ ಕೊಡುವಷ್ಟು ದುಡ್ಡು ಇಲ್ಲಿನ ಕ್ಲಬ್ಬುಗಳಲ್ಲಿ ಇಲ್ಲ. ದನದ ಮಾಂಸ, ಉಣ್ಣೆ, ಫುಟ್‌ಬಾಲ್ ಆಟಗಾರ, ಈ ಮೂರೂ ಹಡಗು ಹತ್ತುತ್ತವೆ ಅಂದಳು. ಅವಳ ಮಗನೂ ಆಟಗಾರನಲ್ಲದೆಯೇ ಹಡಗು ಹತ್ತಿದವನು, ಸ್ಪೇನಿನಲ್ಲಿದ್ದಾನೆ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ ಅಲ್ಲಿನವರ ಕಣ್ಮಣಿಯಾದ ಕಥೆ ತಾತ ಹೇಳುತ್ತಿದ್ದರಲ್ಲ, ಅದನ್ನು ಹೇಳಿದೆ. "ಒಂದೇ ದೇಶದೊಳಗೆ ತಾನೇ?" ಅಂತ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ.

ವಯಸ್ಸಾದ ಮೇಲೂ ಅಬ್ರೆಯು ನಿಲ್ಲಲಿಲ್ಲ. ಈಕ್ವೆಡಾರ್, ಪರಗ್ವೆ, ಎಲ್ ಸಾಲ್ವಡಾರ್, ಚಿಲಿ. 2017ರ ಕೊನೆಗೆ ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು 26ನೇ ಕ್ಲಬ್, ಗಿನ್ನೆಸ್ ದಾಖಲೆ. ಅದಕ್ಕೆ ಮುಂಚೆ ದಾಖಲೆ ಇದ್ದದ್ದು ಲುಟ್ಜ್ ಫಾನೆನ್‌ಸ್ಟೀಲ್ ಅನ್ನುವ ಜರ್ಮನ್ ಗೋಲಿಯ ಹೆಸರಲ್ಲಿ. ಫಿಫಾದ ಆರೂ ಖಂಡ ಒಕ್ಕೂಟಗಳಲ್ಲಿ ಆಡಿದವನು ಅವನು, ಅವನ ಕಥೆ ಬರೆದರೆ ಈ ಕಾಗದ ತೂಕ ಜಾಸ್ತಿಯಾಗಿ ಅಂಚೆಯವರು ದಂಡ ಹಾಕುತ್ತಾರೆ. ಅಬ್ರೆಯು 2021ರಲ್ಲಿ 44ನೇ ವಯಸ್ಸಿನಲ್ಲಿ, ಹೊರಟಲ್ಲಿಗೇ ಬಂದು ಮಾಂಟೆವಿಡಿಯೋದ ಸುದ್ ಅಮೇರಿಕಾ ಕ್ಲಬ್ಬಿನಲ್ಲಿ ಆಟ ಬಿಡುವಷ್ಟರಲ್ಲಿ ಹನ್ನೊಂದು ದೇಶ, ಮೂವತ್ತಕ್ಕೂ ಹೆಚ್ಚು ಕ್ಲಬ್.

ದಾಖಲೆ ಅಂತ ಎಲ್ಲರೂ ಹೊಗಳುತ್ತಾರೆ, ನನಗೆ ಯಾಕೋ ಅದು ಗಂಟಲಲ್ಲಿ ಇಳಿಯಲಿಲ್ಲ. 26 ಕಡೆ ಸೇರಿದ ಅಂದರೆ 25 ಕಡೆ ಬಿಟ್ಟ ಅಂತಲೂ ಆಯಿತಲ್ಲ. 25 ಸಲ ಮನೆ ಖಾಲಿ ಮಾಡಿದ ಲೆಕ್ಕವನ್ನು ಗಿನ್ನೆಸ್‌ನವರು ಬರೆದುಕೊಳ್ಳುವುದಿಲ್ಲ. ಅದನ್ನು ಅಮ್ಮನ ಹತ್ತಿರ ಕೇಳಬೇಕು. ಒರಳುಕಲ್ಲನ್ನು ಪ್ರತಿ ಸಲ ಲಾರಿಗೆ ಕೊನೆಯಲ್ಲಿ ಏರಿಸಿ, ಇಳಿಸುವಾಗ ಮೊದಲು ಇಳಿಸುತ್ತಿದ್ದಳು. ಮಿಕ್ಸಿ ಬಂದು ಹತ್ತು ವರ್ಷವಾದರೂ ಬಿಟ್ಟು ಬರಲಿಲ್ಲ. ಅಬ್ರೆಯು ಹೋದ ಹೋದಲ್ಲಿ 13ನೇ ನಂಬರು ಕೇಳುತ್ತಿದ್ದದ್ದು ಓದಿದಾಗ ಆ ಕಲ್ಲು ಕಣ್ಣ ಮುಂದೆ ಬಂತು.

ನಾನು ಎಂಟನೇ ಕ್ಲಾಸಿನಲ್ಲಿ ಕೊಳ್ಳೇಗಾಲ ಬಿಡುವಾಗ ಮೂರು ದಿನ ನಿಮ್ಮ ಜೊತೆ ಮಾತಾಡಿರಲಿಲ್ಲ. ಆಮೇಲೆ ನಾನು ಎಸ್ಸೆಸ್ಸೆಲ್ಸಿಗೆ ಬಂದಾಗ ಸಿಂಧನೂರಿನ ಆದೇಶ ಬಂತು, ನಮ್ಮನ್ನು ಹಾವೇರಿಯಲ್ಲೇ ಬಿಟ್ಟು ನೀವೊಬ್ಬರೇ ಹೋದಿರಿ. ರೂಮು, ಮೆಸ್ಸಿನ ಊಟ, ಶುಕ್ರವಾರದ ಬಸ್ಸು, ಭಾನುವಾರ ರಾತ್ರಿಯ ಬಸ್ಸು. ಪಿಯುಸಿ ಮುಗಿಯುವ ತನಕ. ನನ್ನ ಟಿ.ಸಿ. ತೆಗೆಸಬಾರದು ಅಂತ ಅಷ್ಟು ಮಾಡಿದಿರಿ ಅಂತ ಆಗ ನನಗೆ ಹೊಳೆದಿರಲಿಲ್ಲ. ಆ ಆಟದ ರಾತ್ರಿ ನೀವು ಕಣ್ಣು ಉಜ್ಜಿಕೊಳ್ಳುತ್ತಾ ಎರಡೂವರೆ ತನಕ ಕೂತದ್ದು ಘಾನಾಗೋಸ್ಕರ ಅಂತಲೇ ಇಷ್ಟು ದಿನ ತಿಳಿದಿದ್ದೆ.

ಅದಕ್ಕೇ ಭಾನುವಾರ ನನಗೆ ಸಿಟ್ಟು ಬಂದದ್ದು. ಊರೂರು ತಿರುಗುವುದು ನಮ್ಮ ಮನೆಯಲ್ಲಿ ನಾನು ಹೊಸದಾಗಿ ಶುರು ಮಾಡಿದ್ದಲ್ಲ. ಪುಣೆ, ಬುಡಾಪೆಸ್ಟ್, ಮಾಂಟೆವಿಡಿಯೋ, ಈಗ ಕಂಪನಿಯವರು ಮೆಕ್ಸಿಕೊದ ಗ್ವಾದಲಹಾರ ಅನ್ನುತ್ತಿದ್ದಾರೆ. ಒಂದು ವ್ಯತ್ಯಾಸ ಇದೆ, ಒಪ್ಪಿಕೊಳ್ಳುತ್ತೇನೆ. ನಿಮಗೆ ಆದೇಶ ಬರುತ್ತಿತ್ತು, ನನ್ನನ್ನು ಕೇಳುತ್ತಾರೆ. ಬೇಡ ಅನ್ನಬಹುದು. ಇದುವರೆಗೆ ಒಂದು ಸಲವೂ ಅಂದಿಲ್ಲ. ಇಷ್ಟವಿದ್ದು ಹೂಂ ಅಂದೆನೋ, ಬೇಡ ಅನ್ನುವುದು ಅಭ್ಯಾಸವಿಲ್ಲದೆ ಅಂದೆನೋ, ಮಿನಾಸ್‌ನಿಂದ ವಾಪಸ್ ಬರುವ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಅಲ್ಲಿನ ಚೌಕದಲ್ಲಿ ಹುಡುಗರು ಎರಡು ಸ್ಕೂಲ್ ಬ್ಯಾಗು ಇಟ್ಟು ಗೋಲು ಮಾಡಿಕೊಂಡು ಆಡುತ್ತಿದ್ದರು. ಒಬ್ಬ ಪನೆಂಕಾ ಹೊಡೆಯಲು ಹೋಗಿ ಚೆಂಡು ಸೀದಾ ಗೋಲಿಯ ಎದೆಗೆ ಹೋಯಿತು. ಎಲ್ಲರೂ ಸೇರಿ ಅವನ ತಲೆಗೆ ಮೊಟಕಿದರು.

ಗ್ವಾದಲಹಾರ ಅಂದಾಗ ಅಜ್ಜಿ ಏನಂದಳು ಕೇಳಿ: "ಹೋಗು, ಲೊಕೊ ಕೂಡ ಅಲ್ಲಿ ಆಡಿದ್ದಾನೆ." ಅವನು ಆಡಿದ ತೆಕೋಸ್ ತಂಡ ಆ ಊರಿನದೇ. ನನಗೆ ಅವಳು ಹೋಗು ಅಂದದ್ದಕ್ಕೆ ಬೇಜಾರಾಯಿತು, ಇರು ಅನ್ನುತ್ತಾಳೆ ಅಂತ ಎದುರು ನೋಡುತ್ತಿದ್ದೆ.

ಸೆಪ್ಟೆಂಬರ್ 15ರೊಳಗೆ ಉತ್ತರ ಕೊಡಬೇಕು. ಈ ಕಾಗದ ಅಷ್ಟರೊಳಗೆ ತಲುಪುವುದಿಲ್ಲ ಅಂತ ಗೊತ್ತು. ಫೋಟೊ ತೆಗೆದು ತಮ್ಮನ ಫೋನಿಗೆ ಕಳಿಸುತ್ತೇನೆ, ಅವನಿಂದ ಓದಿಸಿಕೊಳ್ಳಿ, ಮೂಲ ಪ್ರತಿ ಬಂದ ಮೇಲೆ ಫೈಲಿಗೆ ಹಾಕಿ. ಅಮ್ಮನಿಗೆ ಹೇಳಿ, ಹುಳಿಪುಡಿ ಮುಗಿದಿದೆ, ಈಗಲೇ ಕಳಿಸುವುದು ಬೇಡ, ಯಾವ ವಿಳಾಸ ಅಂತ ಆಮೇಲೆ ತಿಳಿಸುತ್ತೇನೆ.

ಒಂದು ಕೆಲಸ. ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಸ್ಕೂಲಿನ ಟಿ.ಸಿ.ಗಳ ನಕಲುಗಳಿವೆಯಲ್ಲ, ಒಟ್ಟು ಎಷ್ಟಿವೆ ಎಣಿಸಿ ಬರೆಯಿರಿ. ನನ್ನ ಲೆಕ್ಕಕ್ಕೆ ನಾಲ್ಕು. ಅಮ್ಮ ಐದು ಅನ್ನುತ್ತಾಳೆ, ಸಕಲೇಶಪುರದಲ್ಲಿ ಒಂದೇ ವರ್ಷದಲ್ಲಿ ಎರಡು ಸ್ಕೂಲು ಆಗಿತ್ತಂತೆ.

ಇಂತಿ ನಿಮ್ಮ ಮಗಳು