ಎರೆ ಬಿಡಿಸಿ ಗರಸಿಗೆ ಹತ್ತಿಸಿದ ಅಣ್ಣನಿಗೆ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಂಚಿನ ಬಂಡಿದಾರಿಗಳಲ್ಲಿ ನಮ್ಮ ಬೆಟ್ಟದೋಟ ಭಾನುವಾರ ಮುಗಿಯಿತು. ಓಡಿದವರೆಲ್ಲ ಕ್ಷೇಮವಾಗಿ ಮನೆ ಸೇರಿದ್ದಾರೆ. ಓಟದ ಹಿಂದಿನ ರಾತ್ರಿ, ಶನಿವಾರ, ಸುರಿದ ಮಳೆ ನಾವು ಗುರುತು ಹಾಕಿದ್ದ ದಾರಿಯನ್ನು ಕೆಡಿಸಿತು, ಅದನ್ನು ಹೆಚ್ಚು ಬಿಡಿಸಿ ಬರೆಯುವುದಿಲ್ಲ. ಆದರೆ ಬೆಳಗಿನ ಜಾವದವರೆಗೆ ಜೊತೆಗಿದ್ದ ಒಬ್ಬರ ಬಗ್ಗೆ ಬರೆಯದೆ ಇರಲಾಗದು. ತಪ್ಪಲಿನ ಊರಿನಲ್ಲಿ ಕುರಿ ಕಾಯುವ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಮಳೆ ನಿಂತ ಕೂಡಲೇ ಅಣ್ಣ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು. “ಆ ಎರೆ ಹೊಲ ನಾಳೆ ಕಾಲು ಬಿಡಲ್ಲ. ದಾರಿ ಗರಸಿಗೆ ಹತ್ತಿಸ್ರಿ” ಅಂದರು. ಎರೆ ಅಂದರೆ ಜಿಗುಟು ಕಪ್ಪು ಮಣ್ಣು, ಅದು ನೆನೆದರೆ ನಾಲ್ಕೇ ಹೆಜ್ಜೆಗೆ ಶೂ ಅಡಿಯ ಹಲ್ಲುಗಳೆಲ್ಲ ಮುಚ್ಚಿಹೋಗುತ್ತವೆ, ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತದೆ. ಅದೇ ಶೂನಲ್ಲಿ ಮುಂದಿನ ಬಂಡೆ ಹತ್ತಿದರೆ ಹಿಡಿತ ಸಿಗದೆ ಜಾರುತ್ತಾರೆ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬೆಳಗಾಗುವಷ್ಟರಲ್ಲಿ ಕಾಲಿಗೆ ಗಟ್ಟಿ ಸಿಗುತ್ತದೆ. ಹಾಗೆ ತಿರುಗಿಸಿದ್ದಕ್ಕೆ ದಾರಿ ಒಂದು ಕಿಲೋಮೀಟರ್ ಹೆಚ್ಚಾಯಿತು. ಯಾರ ಕಾಲೂ ಉಳುಕಲಿಲ್ಲ.

ಹೊಸ ದಾರಿಗೆ ಗುರುತು ಹೊಸದಾಗಿಯೇ ಕಟ್ಟಬೇಕಿತ್ತು. ನೇರ ದಾರಿಯಲ್ಲಿ 50 ಮೀಟರಿಗೊಂದು ಬಟ್ಟೆಪಟ್ಟಿ, ತಿರುವಿಗೆ ಮೊದಲು ತಿರುಗಬೇಕಾದ ಬದಿಯಲ್ಲೇ ಮೂರು, ತಿರುಗಿದ 20 ಮೀಟರಿಗೆ ಮತ್ತೊಂದು. ಆ ಕೊನೆಯದು ಇಲ್ಲದಿದ್ದರೆ ಸರಿಯಾಗಿ ತಿರುಗಿದವರೂ ಅನುಮಾನ ಬಂದು ವಾಪಸ್ ಓಡುತ್ತಾರೆ. ಇಷ್ಟು ನಮ್ಮ ಲೆಕ್ಕ. ಎತ್ತರ ಅಣ್ಣನ ಲೆಕ್ಕ: ಸೊಂಟದ ಮಟ್ಟಕ್ಕೆ ಕಟ್ಟಿದರೆ ಆಡು ಎಳೆಯುತ್ತವೆ, ತಲೆಯ ಮೇಲೆ ಕಟ್ಟಿದರೆ ಕಲ್ಲು ನೋಡುತ್ತ ಓಡುವವರಿಗೆ ಕಾಣುವುದಿಲ್ಲ, ಭುಜದ ಮಟ್ಟವೇ ಸರಿ. ನೆಲದ ಮೇಲಿನ ಸುಣ್ಣದ ಬಾಣಗಳು ಮಳೆಗೆ ತೊಳೆದುಹೋಗಿದ್ದವು. ತಪ್ಪು ಕವಲುಗಳಿಗೆಲ್ಲ ಅಣ್ಣ ಜಾಲಿ ಕೊಂಬೆ ಎಳೆದು ಅಡ್ಡ ಹಾಕಿದರು, ಹೊಲಕ್ಕೆ ಬೇಲಿ ಹಾಕುವ ಹಾಗೆ. ಕರಡಿ ಓಡಾಡುವ ಹೊತ್ತು ಅಂತ ಯಾರನ್ನೂ ಒಂಟಿಯಾಗಿ ಬಿಡಲಿಲ್ಲ, ಎಲ್ಲರನ್ನೂ ಜೋರಾಗಿ ಮಾತಾಡಿಸುತ್ತಲೇ ನಡೆಸಿದರು.

ಮೂರು ಗಂಟೆಯ ಹೊತ್ತಿಗೆ, ಸಾಕು, ಓಟ ನಿಲ್ಲಿಸಿಬಿಡೋಣ ಎಂಬ ಮಾತು ನಮ್ಮ ಬಾಯಿಗೆ ಬಂದಿತ್ತು. ಆಗ ಬ್ಯಾಟರಿ ಬೆಳಕಿಗೆ ಅಣ್ಣನ ಕೈ ಬಿತ್ತು. ಮುಳ್ಳು ಗೀರಿ ಮೊಣಕೈವರೆಗೂ ರಕ್ತ. ಆ ಕೈ ಮುಂದಿನ ಗಂಟು ಹಾಕುತ್ತಿತ್ತು. ಆ ಮಾತು ಗಂಟಲಲ್ಲೇ ಉಳಿಯಿತು.

ಕಾಡಂಚಿನಲ್ಲಿ ನಿಗಾ ಇಟ್ಟ ಅರಣ್ಯ ಸಿಬ್ಬಂದಿ, ಬದುವಿನ ಮೇಲೆ ಓಡಲು ಬಿಟ್ಟ ರೈತರು, ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿ ಬಿಸಿಲಲ್ಲಿ ನಿಂತವರು, ದಾವಣಗೆರೆಯಿಂದ ಮಂಡಕ್ಕಿ ಮೂಟೆ ತಂದು ಒಗ್ಗರಣೆ ಹಾಕಿ ಮಿರ್ಚಿ ಕರಿದವರು, ಎಲ್ಲರಿಗೂ ಕೈಮುಗಿದು ವಂದನೆ.

ಪದಕ ದೊಡ್ಡದಿಲ್ಲ, ಬಹುಮಾನದ ಹಣವಿಲ್ಲ, ಆದರೂ ದೂರದೂರಿಂದ ಇಂಥ ಓಟಕ್ಕೆ ಯಾಕೆ ಬರುತ್ತಾರೆ ಎಂದು ಕೆಲವರು ಕೇಳಿದ್ದರು. ಕಡಿದಾದ ಏರಿನಲ್ಲಿ ಮುಂದಿನವರೂ ಹಿಂದಿನವರೂ ನಡೆಯಲೇಬೇಕು, ನಡೆಯುವಾಗ ಗುರುತಿಲ್ಲದವರ ನಡುವೆ ಮಾತು ಹುಟ್ಟುತ್ತದೆ. ಇಳಿಜಾರಿನಲ್ಲಿ “ಕಲ್ಲು ಸಡಿಲ ಐತೆ, ನೋಡ್ಕೊಂಡು ಬನ್ನಿ” ಅಂತ ಹಿಂದೆ ಬರುವವರಿಗೆ ಕೂಗುತ್ತಾರೆ. ಯಾರಾದರೂ ಎಡವಿ ಬಿದ್ದರೆ ಗಡಿಯಾರ ಮರೆತು ನಿಲ್ಲುತ್ತಾರೆ. ಕೊನೆಗೆ ಬಂದವರಿಗೂ ಮಂಡಕ್ಕಿ ಬಿಸಿಯಾಗಿಯೇ ಸಿಗಬೇಕು ಎಂದು ಅಡುಗೆಯವರು ಒಂದು ಬಾಣಲೆಯಷ್ಟು ಎತ್ತಿಟ್ಟಿರುತ್ತಾರೆ. ಇದು ದುಡ್ಡು ಕೊಟ್ಟು ಮಾಡಿಸಲಾಗದ್ದು.

ಅದಕ್ಕೇ ಕೊನೆಯ ಓಟಗಾರರ ಹಿಂದೆ ನಮ್ಮವರೊಬ್ಬರು ಇರಲೇಬೇಕೆಂಬ ನಿಯಮ. ನೀರಿನ ಜಾಗಗಳಲ್ಲಿ ಎದೆಯ ನಂಬರ್ ಬರೆದುಕೊಂಡು ತಾಳೆ ನೋಡುತ್ತೇವೆ. ಒಂದು ನಂಬರ್ ಕಡಿಮೆ ಬಿದ್ದರೂ ಆ ಜಾಗ ಖಾಲಿ ಮಾಡುವಂತಿಲ್ಲ. ಭಾನುವಾರ ಹಾಗೆ ಹಿಂದೆ ನಡೆದು ಬಂದವರೂ ಅಣ್ಣನೇ. ಬರುವಾಗ ಪಟ್ಟಿಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಂಡರು, ಅಡ್ಡ ಹಾಕಿದ್ದ ಜಾಲಿ ಕೊಂಬೆಗಳನ್ನು ಪಕ್ಕಕ್ಕೆ ಸರಿಸಿದರು, ದನಕರು ಓಡಾಡುವ ದಾರಿ ಅಂತ.

ಆ ಎರಡು ದಿನ ಕುರಿ ಹೊಡೆದುಕೊಂಡು ಹೋದವರು ಅತ್ತಿಗೆ. ಅತ್ತಿಗೆ, ನಿಮ್ಮ ಎರಡು ದಿನದ ಕೆಲಸದ ಋಣ ನಮ್ಮ ಮೇಲಿದೆ. ಯಾವ ದಿನ ಬೇಕು ಹೇಳಿ, ಕುರಿ ಕಾಯಲು ನಾವು ಬರುತ್ತೇವೆ.