ಡಬ್ಬದ ಹಿಂಬದಿಯನ್ನು ಓದು

ವಿರಾಜಪೇಟೆ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೈಲ್ ಪೊಳ್ದ್ ಹಬ್ಬಕ್ಕೆ ಬಂದವನು ಮರೆತುಹೋದ, ಜಿಮ್‌ನವರು ಕುಡಿಯುವ ಪುಡಿಗಳ ಎರಡು ಡಬ್ಬಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಎರಡು ಸಂಜೆ ಕೂತು ಓದಿದ್ದೇನೆ. ನೀನು ಜಿಮ್‌ಗೆ ಹೋಗುವುದು ನನಗೆ ಸಂತೋಷವೇ. ಆದರೆ ಹಣ್ಣಿನ ಸಮೇತ ಒಣಗಿಸಿದ ನಮ್ಮ ಚೆರಿ ಕಾಫಿಯನ್ನು ಕೊಳ್ಳುವವರು ಚೀಲ ನೋಡಿ ಬೆಲೆ ಕಟ್ಟದೆ, ತೇವಾಂಶ ಅಳೆದು, ಎಷ್ಟು ಬೀಜ ಸಿಗುತ್ತದೆಂಬ ಔಟ್‌ಟರ್ನ್ ತೆಗೆಯುವುದನ್ನು ಚಿಕ್ಕಂದಿನಿಂದ ಕಂಡ ನೀನು, ಹೊಟ್ಟೆಗೆ ಹೋಗುವುದನ್ನು ಮುಂಬದಿಯ ಚಿತ್ರ ನೋಡಿ ಕೊಂಡದ್ದು ನನಗೆ ಸರಿಬರಲಿಲ್ಲ.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ನಿನ್ನ ಪ್ರೋಟೀನ್ ಪುಡಿಯಲ್ಲಿ ವೇ ಕಾನ್ಸನ್‌ಟ್ರೇಟ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್, ಆದ ಕೂಡಲೇ ಗ್ಲೈಸಿನ್, ಟಾರಿನ್ ಎಂಬ ಬಿಡಿ ಅಮೈನೋ ಆಮ್ಲಗಳ ಹೆಸರಿದೆ. ಪ್ರೋಟೀನನ್ನು ಸಾಮಾನ್ಯವಾಗಿ ಅದರಲ್ಲಿರುವ ಸಾರಜನಕವನ್ನು ಅಳೆದು ಲೆಕ್ಕಹಾಕುತ್ತಾರೆ. ಅಗ್ಗದ ಈ ಎರಡರಲ್ಲೂ ಸಾರಜನಕ ಇರುವುದರಿಂದ, 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಎಂದು ಬರೆದಿದ್ದರೂ ಅಷ್ಟೂ ಹಾಲಿನಿಂದ ಬಂದದ್ದೆಂದು ನಂಬಲಾಗದು. ಮುಂದೆ ಕೊಳ್ಳುವಾಗ ಇವೆರಡೂ ಇಲ್ಲದ್ದನ್ನು ಆರಿಸಿಕೋ.

ನನಗೆ ನಿಜವಾದ ಚಿಂತೆ ಎರಡನೆಯ ಡಬ್ಬದ್ದು, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಯದ್ದು. ಅದರಲ್ಲಿ ಹತ್ತಾರು ಪದಾರ್ಥಗಳನ್ನು ಒಂದೇ 'ಬ್ಲೆಂಡ್' ಎಂದು ಕೂಡಿಸಿ ಒಟ್ಟು ತೂಕವನ್ನಷ್ಟೇ ಕೊಟ್ಟಿದ್ದಾರೆ, ಬಿಡಿಬಿಡಿ ಪ್ರಮಾಣ ಎಲ್ಲಿಯೂ ಇಲ್ಲ. ಕೆಫೀನ್ ಅನ್‌ಹೈಡ್ರಸ್, ಗ್ವಾರಾನಾ, ಗ್ರೀನ್ ಟೀ ಸಾರ ಎಂಬ ಮೂರು ಹೆಸರುಗಳಿಂದಲೂ ನಿನ್ನ ದೇಹಕ್ಕೆ ಹೋಗುವುದು ಕೆಫೀನೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 400 ಮಿಲಿಗ್ರಾಂ ಮೀರಬಾರದೆನ್ನುತ್ತಾರೆ. ಅರೇಬಿಕಾಗಿಂತ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್ ಇರುವ ನಮ್ಮ ರೋಬಸ್ಟಾವನ್ನು ದಿನಕ್ಕೆ ಮೂರು ಲೋಟ ಕುಡಿಯುವ ನೀನು, ಅದರ ಮೇಲೆ ಪ್ರಮಾಣವೇ ಗೊತ್ತಿಲ್ಲದ ಈ ಪುಡಿಯನ್ನೂ ಸೇರಿಸಿದರೆ ಎದೆಬಡಿತ ಏರುವುದೂ ನಿದ್ದೆ ಕೆಡುವುದೂ ಆಶ್ಚರ್ಯವಲ್ಲ.

ನೀನು ಹಾಕಿ ಆಡುವವನಾದ್ದರಿಂದ ಇನ್ನೊಂದು ಮಾತು. ಡಿಎಂಎಎ, ಮೀಥೈಲ್‌ಹೆಕ್ಸಾನಮೀನ್, ಕೆಲವೊಮ್ಮೆ ಜೆರೇನಿಯಂ ಸಾರ ಎಂದೂ ಬರೆದಿರುವ ಉತ್ತೇಜಕವು ಸ್ಪರ್ಧೆಯ ವೇಳೆ ನಿಷಿದ್ಧ. ಮೂತ್ರಪರೀಕ್ಷೆಯಲ್ಲಿ ಅದು ಸಿಕ್ಕಿದರೆ, ತಿಳಿಯದೆ ಕುಡಿದೆನೆಂದರೂ ಹೊಣೆ ಆಟಗಾರನದೇ. ಡಬ್ಬದ ಮೇಲಿರುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ತಯಾರಕರಿಗೆ ಪರವಾನಗಿ ಇದೆಯೆಂದು ಹೇಳುತ್ತದೆಯೇ ಹೊರತು, ನಿನ್ನ ಕೈಯಲ್ಲಿರುವ ಡಬ್ಬವನ್ನು ಯಾರೋ ಪರೀಕ್ಷಿಸಿದ್ದಾರೆಂದು ಹೇಳುವುದಿಲ್ಲ.

ಪ್ರೋಟೀನ್ ಡಬ್ಬವನ್ನು ನಾಳೆಯ ಬಸ್ಸಿನಲ್ಲಿ ಕಳುಹಿಸುತ್ತೇನೆ, ಮುಗಿಸಿಬಿಡು. ಇನ್ನೊಂದು ಅಟ್ಟದ ಮೇಲಿದೆ. ಒಂದೊಂದು ಪದಾರ್ಥವೂ ಎಷ್ಟೆಷ್ಟಿದೆ ಎಂದು ತಯಾರಕರಿಗೆ ಬರೆದು ಕೇಳು. ಅವರ ಉತ್ತರವನ್ನು ನನಗೆ ತೋರಿಸಿದ ಮೇಲೆ ಅದನ್ನು ಏನು ಮಾಡಬೇಕೆಂದು ಇಬ್ಬರೂ ಕೂತು ಮಾತನಾಡೋಣ.

ಇಂತಿ,
ನಿನ್ನ ದೊಡ್ಡಪ್ಪ