ಒಂದು ಕಡಲ ತೀರದ ಊರು, ಐನೂರು ವರ್ಷದ ನಕ್ಷೆಗಳು: ನಿಮ್ಮ ದೇಣಿಗೆಗಾಗಿ ಮನವಿ

ಆತ್ಮೀಯರೇ,

ಸಮುದ್ರದ ದಂಡೆಯ ಊರೊಂದು ಹೇಗೆ ಬೆಳೆಯಿತು ಅನ್ನುವುದನ್ನು ಹಳೆಯ ನಕ್ಷೆಗಳ ಮೂಲಕವೇ ತೋರಿಸುವ ಪ್ರದರ್ಶನವೊಂದನ್ನು ನಮ್ಮ ಟ್ರಸ್ಟ್ ಸಿದ್ಧಪಡಿಸುತ್ತಿದೆ. ವಿವರಣೆಯೆಲ್ಲ ಕನ್ನಡದಲ್ಲಿ. ಶಾಲೆಯಿಂದ ಶಾಲೆಗೆ ಇದನ್ನು ಕೊಂಡೊಯ್ಯಬೇಕು ಎಂಬುದು ನಮ್ಮ ಆಸೆ.

ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಬ್ರೈಟನ್. ಅಷ್ಟು ದೂರದ ಊರು ಯಾಕೆ ಅಂತ ನೀವು ಕೇಳಬಹುದು. ಆ ಊರಿನ ನಕ್ಷೆಗಳು ಒಂದರ ಹಿಂದೆ ಒಂದರಂತೆ ಉಳಿದುಕೊಂಡಿವೆ, ಅದಕ್ಕೆ.

ಮೊದಲನೆಯದು ನಕ್ಷೆ ಅನ್ನುವುದಕ್ಕಿಂತ ಚಿತ್ರ. 1514ರಲ್ಲಿ ಫ್ರೆಂಚರು ಊರಿಗೆ ಬೆಂಕಿ ಇಟ್ಟ ದೃಶ್ಯ ಅದರಲ್ಲಿದೆ. ಮೂರು ದಿಕ್ಕಿಗೆ ಮೂರು ಬೀದಿ, ನಾಲ್ಕನೇ ಕಡೆ ಸಮುದ್ರ. ನಡುವೆ ಹಗ್ಗಕ್ಕಾಗಿ ಸೆಣಬು ಬೆಳೆಯುತ್ತಿದ್ದ ಜಾಗ. ನಾರ್ತ್, ಈಸ್ಟ್, ವೆಸ್ಟ್ ಎಂಬ ಆ ಬೀದಿಗಳು ಇವತ್ತಿಗೂ ಅಲ್ಲೇ ಇವೆ! ದಂಡೆಯ ಮೇಲಿದ್ದ ಮೀನುಗಾರರ ಕೇರಿ ಮಾತ್ರ 1703 ಮತ್ತು 1705ರ ಬಿರುಗಾಳಿಗಳಲ್ಲಿ ಹಾಳಾಯಿತು. ಆಮೇಲಿನ ನಕ್ಷೆಗಳಲ್ಲಿ ಅದು ಕಾಣುವುದಿಲ್ಲ.

ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರೇ ಔಷಧಿ ಅಂತ ಬರೆದದ್ದು 1750ರಲ್ಲಿ. ಜನ ಬರತೊಡಗಿದರು. 1783ರಲ್ಲಿ ಯುವರಾಜನೂ ಬಂದ. 1841ಕ್ಕೆ ಲಂಡನ್ನಿನಿಂದ ರೈಲು ಬಂತು. 1801ರಲ್ಲಿ ಸುಮಾರು 7,000 ಇದ್ದ ಜನಸಂಖ್ಯೆ 1851ಕ್ಕೆ ಸುಮಾರು 65,000 ಆಯಿತು.

ಇಷ್ಟು ಜನಕ್ಕೆ ಮನೆ ಎಲ್ಲಿ ಕಟ್ಟಿದರು? ನಮಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಹಳೆಯ ಊರಿನ ಸುತ್ತ ಐದು ದೊಡ್ಡ ಹೊಲಗಳಿದ್ದವು. ಒಂದೊಂದು ಹೊಲವೂ ಉದ್ದನೆಯ, ಕಿರಿದಾದ ಪಟ್ಟಿಗಳಾಗಿ ಬೇರೆ ಬೇರೆಯವರ ಕೈಯಲ್ಲಿ ಹಂಚಿಹೋಗಿತ್ತು. ಊರು ಬೆಳೆದಾಗ ಒಡೆಯರು ತಮ್ಮ ತಮ್ಮ ಪಟ್ಟಿಯನ್ನಷ್ಟೇ ಮಾರಿದರು. ಕೊಂಡವರು ಅದೇ ಪಟ್ಟಿಯ ಉದ್ದಕ್ಕೆ ಸಾಲುಮನೆ ಕಟ್ಟಿದರು. ಹೊಲಗಳನ್ನು ಅಡ್ಡಹಾಯುತ್ತಿದ್ದ ದಾರಿಗಳೇ ಮುಂದೆ ಅಗಲವಾದ ರಸ್ತೆಗಳಾದವು. ಯಾರೂ ಕೂತು ಯೋಜನೆ ಹಾಕಿದ್ದಲ್ಲ. ರೈತರು ಎಂದೋ ಹಾಕಿಕೊಂಡ ಗಡಿಗಳು ನಗರದ ಬೀದಿಗಳಾಗಿ ಕೂತುಬಿಟ್ಟವು. ಹೊಲದ ನಕ್ಷೆಯ ಮೇಲೆ ಬೀದಿಯ ನಕ್ಷೆಯನ್ನು ಪಾರದರ್ಶಕ ಹಾಳೆಯಲ್ಲಿ ಇಟ್ಟರೆ ಏಳನೇ ತರಗತಿಯ ಮಗುವಿಗೂ ಇದು ಥಟ್ಟನೆ ಹೊಳೆಯುತ್ತದೆ. ಪುಸ್ತಕದಲ್ಲಿ ಎಷ್ಟು ಪುಟ ಬರೆದರೂ ಹಾಗೆ ಹೊಳೆಯದು ಅಂತ ನಮಗೆ ಬಲವಾಗಿ ಅನಿಸುತ್ತದೆ.

ಸಮುದ್ರದ ಕಡೆಗೂ ಊರು ಕೈಚಾಚಿತು. 1823ರಲ್ಲಿ ಸರಪಳಿಗಳಿಂದ ತೂಗುಹಾಕಿದ ಕಟ್ಟೆಯೊಂದು ನೀರಿನೊಳಕ್ಕೆ ಚಾಚಿಕೊಂಡಿತು. 1896ರ ಬಿರುಗಾಳಿಯಲ್ಲಿ ಅದು ಕೊಚ್ಚಿಹೋಯಿತು. ಬ್ರಿಟನ್ನಿನ ಸರ್ವೆ ಇಲಾಖೆ 19ನೇ ಶತಮಾನದಲ್ಲಿ 4,000ಕ್ಕಿಂತ ಜಾಸ್ತಿ ಜನರಿದ್ದ ಪಟ್ಟಣಗಳಿಗೆ 1:500 ಅಳತೆಯ ನಕ್ಷೆ ಮಾಡುತ್ತಿತ್ತು. ಕಾಗದದ ಮೇಲಿನ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 5 ಮೀಟರ್. ಬೀದಿ ದೀಪದ ಕಂಬವನ್ನೂ ಗುರುತು ಮಾಡಿದ್ದಾರೆ. ಇಂಥದ್ದನ್ನು ಮಕ್ಕಳು ಮೊಬೈಲ್ ಪರದೆಯಲ್ಲಿ ಸುಮ್ನೆ ಸರಿಸಿ ನೋಡಬಾರದು. ಗೋಡೆಯಷ್ಟು ದೊಡ್ಡದಾಗಿ ಹರಡಿ, ಬೆರಳಿಟ್ಟು ಹುಡುಕಬೇಕು ಅಲ್ವಾ?

ನಿಮ್ಮ ಹಣ ಹೋಗುವುದು ಇದಕ್ಕೇ. ಗ್ರಂಥಾಲಯಗಳಿಂದ ಒಳ್ಳೆಯ ಸ್ಕ್ಯಾನ್ ಪ್ರತಿ ಪಡೆಯಲು ಶುಲ್ಕ, ಬಟ್ಟೆಯ ಮೇಲೆ ದೊಡ್ಡ ಮುದ್ರಣ, ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳು, ಭೂತಗನ್ನಡಿಗಳು, ಸಾಗಿಸಲು ಗಟ್ಟಿ ಪೆಟ್ಟಿಗೆಗಳು. ಸಂಬಳಕ್ಕೆ ಇದರಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ. ಬರಹ, ಅನುವಾದ ಎಲ್ಲವನ್ನೂ ನಮ್ಮ ಸದಸ್ಯರೇ ಮಾಡುತ್ತಿದ್ದಾರೆ.

ಮೊತ್ತ ಎಷ್ಟೇ ಇರಲಿ, ರಶೀದಿ ಕೊಡುತ್ತೇವೆ. ಕೆಲಸ ಮುಗಿದ ಮೇಲೆ ಪೂರ್ತಿ ಲೆಕ್ಕವನ್ನು ದಾನಿಗಳಿಗೆಲ್ಲ ಕಳಿಸುತ್ತೇವೆ. ಒಂದು ನಕ್ಷೆಯ ಇಡೀ ಖರ್ಚನ್ನು ವಹಿಸಿಕೊಳ್ಳುವವರಿದ್ದರೆ ಅವರ ಹೆಸರನ್ನು ಆ ನಕ್ಷೆಯ ಕೆಳಗೆ ಹಾಕುತ್ತೇವೆ. ಭೂಗೋಳ, ಇತಿಹಾಸ ಕಲಿಸುವ ಮೇಷ್ಟ್ರು, ಟೀಚರುಗಳು ನಮ್ಮ ವಿವರಣೆಗಳನ್ನು ಓದಿ ತಿದ್ದಿಕೊಟ್ಟರೆ ಅದೂ ದೇಣಿಗೆಯೇ. ಟ್ರಸ್ಟಿನ ಕಚೇರಿಗೆ ಬನ್ನಿ, ಇಲ್ಲವೇ ನಮ್ಮ ಸದಸ್ಯರಲ್ಲಿ ಯಾರಿಗಾದರೂ ಒಂದು ಮಾತು ಹೇಳಿ.